ಎರಡು ಚೀಲ

ಕಾರಟಗಿಯ ಮಿಲ್ಲಿನಲ್ಲಿ ನಾನು ಚೀಲ ಎಣಿಸುವವ.
ಹಮಾಲರು ಹೊರುತ್ತಾರೆ, ನಾನು ಬರೆಯುತ್ತೇನೆ.
ಹದಿನೇಳು ವರ್ಷದಲ್ಲಿ ನನ್ನ ಬೆನ್ನ ಮೇಲೆ ಬಿದ್ದದ್ದು
ಫ್ಯಾನಿನ ಗಾಳಿ ಮಾತ್ರ.

ಯಮನೂರಪ್ಪನ ಮೇಲೆ ಥಪ್ಪಿ ಕುಸಿದ ದಿನ
ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.
ಅದರ ಹಿಂದಿನ ದಿನವೂ ಇರಲಿಲ್ಲ.
ಪದ್ಧತಿ ಸಾಹುಕಾರರದು, ಅಕ್ಷರ ನನ್ನದು.
ಬೇಸಿಗೆ ಬೆಳೆಯ ಭತ್ತ, ಅಡಿಯ ಸಾಲು ಹಸಿ,
ಎಲ್ಲರಿಗೂ ಗೊತ್ತಿತ್ತು.
ಮೌಲಾಸಾಬ ಕೊಕ್ಕೆ ಹಾಕಿ ಚೀಲ ಎಳೆದ, ಎಳೆದ,
ಒಂದು ಕೈ ಕಂಡದ್ದೇ
ಕೊಕ್ಕೆ ಬಿಸಾಕಿ ಬರಿಗೈಯಲ್ಲಿ ಬಗೆದ.

ಸಾಹುಕಾರರು ಕಳಿಸಿದ್ದು ಒಂದು ಚೀಲ ಸೋನಾಮಸೂರಿ,
ಮಣ್ಣಿನ ಖರ್ಚಿಗೆ ಹತ್ತು ಸಾವಿರ,
ಜೊತೆಗೆ ನನ್ನನ್ನು, ಒಂದು ಛಾಪಾ ಕಾಗದ ಕೊಟ್ಟು.
'ನೀರು ಕುಡಿಯಲು ಬಂದಿದ್ದ, ನಮ್ಮ ಆಳಲ್ಲ' ಎಂದು ಅದರಲ್ಲಿ.
ಹೆಬ್ಬೆಟ್ಟಿನ ಶಾಯಿ ಡಬ್ಬಿಯೂ ನನ್ನ ಕಿಸೆಯಲ್ಲೇ.

ಹಂಪಮ್ಮ ಕಾಗದ ಮುಟ್ಟಲಿಲ್ಲ.
ಬಾಗಿಲ ಹಿಂದಿನ ಗೋಡೆ ತೋರಿಸಿದಳು.
ಇದ್ದಿಲ ಸಾಲು. ಹತ್ತು ಚೀಲಕ್ಕೊಂದು ಗೀರು, ಬಿಡಿಗೆ ಚುಕ್ಕಿ,
ಅಮಾವಾಸ್ಯೆಯ ರಜೆಗೆ ಒಂದು ಸೊನ್ನೆ.
ನೆಲದಿಂದ ಅವನ ಕೈ ನಿಲುಕುವಷ್ಟು ಎತ್ತರ.
"ದಸರಾಕ್ಕ ಸುಣ್ಣ ಹೊಡದಾಗಿಂದ ಬರದಾನ್ರಿ,
ದಿನಾ, ಉಣ್ಣೂಕಿಂತ ಮುಂಚೆ.
ನಿಮ್ಮ ಪುಸ್ತಕದಾಗೂ ಹಿಂಗ ಐತೇನ್ರಿ?"

ಐತಿ, ಅಂದೆ.
ಅಂದದ್ದು ನಾನೇ ಎಂದು
ಮನೆ ಮುಟ್ಟುವತನಕ ನಂಬಿಕೆ ಬರಲಿಲ್ಲ.
ಹಾಜರಿಯಲ್ಲಲ್ಲ, ಕಿಸೆಯ ಕಚ್ಚಾ ಪುಸ್ತಕದಲ್ಲಿ.
ಶಾಯಿ ಡಬ್ಬಿ ತೆರೆಯದೆ ವಾಪಸ್ ಒಯ್ದೆ.

ಭಾನುವಾರ ರಾತ್ರಿ ಕರೆಂಟಿರಲಿಲ್ಲ.
ಅವಳ ಮಗಳು ಮೊಬೈಲಿನ ಬೆಳಕು ಹಿಡಿದು
ಗೋಡೆ ಓದಿದಳು, ನಾನು ಪುಸ್ತಕ.
ತೊಂಬತ್ತೆಂಟು. ತೊಂಬತ್ತೆಂಟು.
ನೂರಾ ಆರು. ನೂರಾ ಆರು.
ಜ್ವರದ ದಿನ ನಲವತ್ತು. ನಲವತ್ತು.
ನೂರಾ ಹದಿನಾಲ್ಕು, ಅಂದಳು.
ನನ್ನಲ್ಲಿ ನೂರಾ ಹನ್ನೆರಡು.

ಅವಳು ಚುಕ್ಕಿಗಳ ಮೇಲೆ ಬೆರಳಿಟ್ಟು ಮತ್ತೆ ಎಣಿಸಿದಳು.
ನಾನು ಎಣಿಸಲಿಲ್ಲ.
ಆ ಎರಡು ಚೀಲ ನನಗೆ ಗೊತ್ತು.
ದಿನಾ ಅಲ್ಲ, ವಾರಕ್ಕೊಮ್ಮೆ, ಆಳಿಗೆ ಎರಡರಂತೆ,
ಆ ಕೂಲಿಯಲ್ಲಿ ಮಂಡಾಳು ಮಿರ್ಚಿ ತಿಂದಿದ್ದೇನೆ,
ಮಗನಿಗೆ ಬೂಟು ಕೊಡಿಸಿದ್ದೇನೆ.
ಅವನಿಗೆ ಗೊತ್ತಿತ್ತು.
ಗೋಡೆಗೆ ಹೇಳಿದ್ದ, ನನಗೆ ಹೇಳಿರಲಿಲ್ಲ.
"ಗ್ವಾಡಿದು ಖರೇ ಐತ್ರಿ," ಅಂದಳು ಹುಡುಗಿ, ಮುಂದಿನ ಸಾಲಿಗೆ ಹೋದಳು.

ಕೊಪ್ಪಳದ ಕಾರ್ಮಿಕ ಕಚೇರಿಗೆ ಗೋಡೆ ಒಯ್ಯಲಾಗದು.
ಮೌಲಾಸಾಬ ಫೋಟೋ ಹೊಡೆಸಿದ, ಎಂಟು ತುಂಡು.
ಬಸ್ಸಿಗೆ, ವಕೀಲರಿಗೆ, ಹುಡುಗಿಯ ಕಾಲೇಜಿಗೆ
ಮಂಗಳವಾರದ ಕೊನೆಯ ಲಾರಿಯ ಕೂಲಿ ಎಂದು ಮಾತಾಯಿತು.
ಮಾತೇನು, ಯಾರೂ ಆಡಲಿಲ್ಲ,
ಅವನ ತಲೆವಸ್ತ್ರ ಹಾಸಿತ್ತು, ಅದರಲ್ಲಿ ಹಾಕಿ ಹೋದರು.
ನಾನೂ ಹಾಕಿದೆ.
ಮೌಲಾಸಾಬ ನನ್ನ ನೋಟನ್ನು ಬಹಳ ಹೊತ್ತು ನೋಡಿದ.
ತೆಗೆದು ಎಸೆಯಲಿಲ್ಲ, ಅಷ್ಟೇ.

ಕಚೇರಿಯಲ್ಲಿ ಮನುಷ್ಯನ ಎಣಿಕೆ ಬೇರೆ.
ತಿಂಗಳ ಕೂಲಿಯ ಅರ್ಧ, ವಯಸ್ಸಿಗೊಂದು ಅಂಕಿ, ಗುಣಿಸು.
ರೇಷನ್ ಕಾರ್ಡಿನಲ್ಲಿ ಮೂವತ್ತೆಂಟು,
ಆಧಾರ್ ಕಾರ್ಡಿನಲ್ಲಿ ನಲವತ್ತೊಂದು.
"ಹುಟ್ಟಿದ್ದು ಯಾವಾಗಮ್ಮ?"
"ಕಾಲುವಿ ಒಡದ ವರ್ಷ ಅಂತಿದ್ಲ್ರಿ ನಮ್ಮತ್ತಿ."
ಮಿಲ್ಲಿನ ವಕೀಲರು ಫೋಟೋ ಮಡಚಿಟ್ಟರು:
ಇದ್ದಿಲಿಗೆ ಸಹಿ ಎಲ್ಲಿದೆ?

ಕಚ್ಚಾ ಪುಸ್ತಕ ಮೇಜಿನ ಮೇಲಿಟ್ಟೆ.
ಬರೆದವರು ಯಾರು?
ಸಾಹುಕಾರರು ಕಿಟಕಿ ನೋಡುತ್ತಿದ್ದರು.
ಹಾಳೆ ಹಾಳೆಗೂ ಸಹಿ ಮಾಡುತ್ತ
ನೂರಾ ಹನ್ನೆರಡಕ್ಕೆ ಬಂದಾಗ ಪೆನ್ನು ನಿಂತಿತು.
ತಿದ್ದಿದರೆ ಪುಸ್ತಕ ಸುಳ್ಳು,
ತಿದ್ದದಿದ್ದರೆ ಗೋಡೆ.
ಪಕ್ಕದಲ್ಲಿ ಬರೆದೆ:
ಎರಡು ಚೀಲ ನಾನು ಕಡಿಮೆ ಬರೆದಿದ್ದೇನೆ.
ಕೆಳಗೆ ನನ್ನ ಹೆಸರು, ತಂದೆಯ ಹೆಸರು, ತಾರೀಖು.

ಈಗ ಬೇರೆಯವನು ಎಣಿಸುತ್ತಾನೆ ಅಲ್ಲಿ.
ವಾಯಿದೆ ಮೂರು ಸಲ ಮುಂದೆ ಹೋಗಿದೆ.
ದಸರಾಕ್ಕೆ ಹಂಪಮ್ಮ ಸುಣ್ಣ ಹೊಡೆದಳಂತೆ,
ಮೂರು ಗೋಡೆಗೆ.
ನಾಲ್ಕನೆಯದಕ್ಕೆ ಧೂಳು ತಾಗದಂತೆ ಇಳಿಬಿಟ್ಟಿದ್ದಾಳೆ
ಸಾಹುಕಾರರು ಕಳಿಸಿದ ಅಕ್ಕಿಯ ಚೀಲ,
ಹೊಲಿಗೆ ಬಿಚ್ಚಿ,
ಮಿಲ್ಲಿನ ಹೆಸರು ಹೊರಗೆ ಕಾಣುವಂತೆ.