ಹತ್ತು ತೆತ್ರಿ

ತ್ಬಿಲಿಸಿಯ ಈ ಹಳೇ ಕಟ್ಟಡದಲ್ಲಿ
ಲಿಫ್ಟಿಗೂ ಹಸಿವು:
ಹತ್ತು ತೆತ್ರಿಯ ನಾಣ್ಯ ನುಂಗದೆ
ಮೇಲೇಳುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ನಾತೆಲಾ
ಚೀಲ ತಡಕಿದಳು:
ಬಸ್ ಕಾರ್ಡು, ತಲೆನೋವಿನ ಮಾತ್ರೆ,
ಉಸಿರು ನಿಂತ ಫೋನು.
ಚಿಲ್ಲರೆಯಿಲ್ಲ. ಮನೆ ಹನ್ನೊಂದನೇ ಮಹಡಿ.
ಬೆಳಗಾಗುವ ತನಕ ಯಾರುಯಾರದೋ ಕಳೆದ ಹಣಕ್ಕೆ
ಫೋನಿನಲ್ಲಿ ಸಮಾಧಾನ ಹೇಳಿದವಳಿಗೆ
ನಗು ಬಂತು.

ಆಗ ಕಂಡಿತು, ಅಂಚೆಪೆಟ್ಟಿಗೆಗಳ ಮೇಲೆ,
ಸೂರ್ಯಕಾಂತಿ ಬೀಜದ ಸಿಪ್ಪೆಗಳ ನಡುವೆ
ಯಾರೋ ಇಟ್ಟುಹೋದ ಹತ್ತು.

ಮೇಲೆ ಹೋದಳು. ಚಹಾಕ್ಕಿಟ್ಟಳು.
ನೀರು ಮರಳುವಷ್ಟರಲ್ಲಿ ಏನನ್ನಿಸಿತೋ,
ಒಲೆ ಆರಿಸಿ
ಗಂಡನ ಕೋಟಿನ ಜೇಬಿನಿಂದ ಒಂದು ನಾಣ್ಯ ಹೆಕ್ಕಿ
ಮನೆ ಚಪ್ಪಲಿಯಲ್ಲೇ ಮೆಟ್ಟಿಲಿಳಿದಳು.

ಮತ್ತೆ ಹತ್ತಲು ಇನ್ನೊಂದು ತಂದಿಲ್ಲವೆಂದು
ಹೊಳೆದದ್ದು ಆರನೇ ಮಹಡಿಯಲ್ಲಿ.
ನಿಂತಳು. ಕಿಟಕಿಯಾಚೆ ಯಾರೋ ಒಣಹಾಕಿದ ಬಟ್ಟೆಗೆ
ಬಿಸಿಲು ಬಿದ್ದಿತ್ತು.
ಇಳಿಯುತ್ತಲೇ ಹೋದಳು.