ಮುನ್ನೂರು ಗ್ರಾಂ

ಬೆಳಗಿನ ಐದಕ್ಕೆ ತಕ್ಕಡಿ ಹೇಳಿಬಿಟ್ಟಿತು:
ಇಬ್ಬರೂ ಮುನ್ನೂರು ಗ್ರಾಂ ಹೆಚ್ಚು.
ಫರಾಮರ್ಜ್, ಕ್ಯಾಸ್ಪಿಯನ್ ತೀರದ ಭತ್ತದ ಊರಿನವನು;
ಕೋಲ್ಟನ್ ವೀರ್ಸ್ಮಾ, ಇಲ್ಲೇ ವೇವರ್ಲಿಯ ಡೇರಿಯವನು.
ಏಳಕ್ಕೆ ಕೊನೆಯ ತೂಕ. ಎಪ್ಪತ್ನಾಲ್ಕು ಅಂದರೆ ಎಪ್ಪತ್ನಾಲ್ಕು.
ತಕ್ಕಡಿಗೆ ಪಾಸ್‌ಪೋರ್ಟು ಓದಲು ಬರುವುದಿಲ್ಲ.

ನಾನು ಈ ಊರ ಆಸ್ಪತ್ರೆಯ ನರ್ಸು.
ಇವತ್ತಿನ ಮಟ್ಟಿಗೆ ಮ್ಯಾಟಿನ ಪಕ್ಕ
ಹತ್ತಿ, ಐಸು ಹಿಡಿದು ಕೂರುವವಳು.
ರಾತ್ರಿ ಮೋಟೆಲಿನ ಟಿವಿಯಲ್ಲಿ ಯಾವುದೋ ಹಡಗು,
ನಕ್ಷೆಯ ಮೇಲೆ ಕೆಂಪು ಬಾಣ.
ಹುಡುಗರು ಒಳಗೆ ಬಂದಾಗ ಮಾಲೀಕ ಸದ್ದು ಕಮ್ಮಿ ಮಾಡಿದ,
ಮರ್ಯಾದೆಗೋ, ಮುಜುಗರಕ್ಕೋ.

"ಹಿಂದೆ ಕಾರಲ್ಲಿ ಹೋಗು, ಬಿದ್ದರೆ ಎತ್ತಿಕೋ,"
ಅಂದ ಡೆಲ್ಬರ್ಟ್. ಹಂದಿ ಸಾಕುವ ಮುದುಕ,
ಹತ್ತು ವರ್ಷದಿಂದ ಕೋಲ್ಟನ್ನನ ಗುರು.

ಫೆಬ್ರವರಿ. ಅಯೋವಾದ ಕತ್ತಲೆಗೆ ಮೂಳೆಯ ಬಣ್ಣ.
ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟು
ಒಬ್ಬ ರಸ್ತೆಯ ಎಡಕ್ಕೆ, ಒಬ್ಬ ಬಲಕ್ಕೆ,
ನನ್ನ ಹೆಡ್‌ಲೈಟಿನಲ್ಲಿ ಸರಬರ ಓಡಿದರು.
ಜೋಳದ ಸೈಲೊ ದಾಟಿದ ಮೇಲೆ
ಹಿಮ ಬಾಚುವ ಲಾರಿ ಎದುರಾಗಿ
ಇಬ್ಬರನ್ನೂ ಒಂದೇ ಬದಿಗೆ ತಳ್ಳಿತು.
ಲಾರಿ ಹೋಯಿತು. ಅವರು ಬೇರೆಯಾಗಲಿಲ್ಲ.
ಒಬ್ಬ ಉಗುಳಿದ. ಇನ್ನೊಬ್ಬ ಅದಕ್ಕಿಂತ ದೂರ ಉಗುಳಿದ.
ಒಂದು ಹನಿ ಉಗುಳೂ ತೂಕವೇ ತಾನೆ.
ನಕ್ಕದ್ದು ಕೇಳಿಸಲಿಲ್ಲ, ಹಬೆ ಮಾತ್ರ ಕಂಡಿತು.

ಒಣಗಿದ ತುಟಿ. ಭಾಷೆ ಇಲ್ಲ.
ಕೋಲ್ಟನ್ ತನ್ನ ಕಿವಿ ತೋರಿಸಿದ, ನಾದಿ ಬಿಟ್ಟ ಹಿಟ್ಟಿನ ಮುದ್ದೆ.
ಫರಾಮರ್ಜ್ ಟೋಪಿ ಸರಿಸಿ ತನ್ನದನ್ನು ತೋರಿಸಿದ.
ಅದಕ್ಕಿಂತ ಮುದ್ದೆ.

ಹಳಿಯಾಳದ ಗರಡಿಯಲ್ಲಿ ನನ್ನಜ್ಜನಿಗೂ ಇಂಥದೇ ಕಿವಿ.
ಹುಡುಗಿಯರನ್ನು ಒಳಗೆ ಬಿಡುತ್ತಿರಲಿಲ್ಲ,
ಕಿಂಡಿಯಲ್ಲಿ ನೋಡಿದ್ದು:
ತೊಡೆ ತಟ್ಟುವ ಮೊದಲು ಒಂದು ಹಿಡಿ ಮಣ್ಣು ತೆಗೆದು
ಎದುರಿನವನ ಭುಜಕ್ಕೆ ಹಚ್ಚುತ್ತಿದ್ದ.
ಯಾಕಜ್ಜ?
"ಜಾರಬಾರದಲ್ಲವ್ವ. ಹಿಡಿತ ಸಿಗಬೇಕು,
ಅವಗೂ, ನನಗೂ."

ಏಳಕ್ಕೆ ತಕ್ಕಡಿ ಇಬ್ಬರಿಗೂ ಹೂಂ ಅಂದಿತು.
ಒಂದೇ ಕಿತ್ತಳೆಯನ್ನು ಸುಲಿದು ತಿಂದರು, ಬೀಜ ಸಮೇತ.

ಸಂಜೆ ಶಾಲೆಯ ಜಿಮ್ ತುಂಬಿತ್ತು.
ಫರಾಮರ್ಜನ ಮೂಲೆಯ ಕುರ್ಚಿ ಖಾಲಿ,
ಅವನ ಕೋಚಿಗೆ ವೀಸಾ ಸಿಕ್ಕಿರಲಿಲ್ಲ.
ಡೆಲ್ಬರ್ಟ್ ಎದ್ದ. ಮಂಡಿ ನೋವಿನ ನಡಿಗೆಯಲ್ಲಿ
ಮ್ಯಾಟು ಸುತ್ತಿ ಹೋಗಿ
ಆ ಕುರ್ಚಿಯ ಮೇಲೆ ಕೂತ, ಹೆಗಲ ಮೇಲೆ ಟವೆಲ್.
"ಮೂಲೆ ಖಾಲಿ ಬಿಡಬಾರದು."
ಅಷ್ಟೇ ಅಂದದ್ದು.
ಮೇಲಿನ ಸಾಲಿನಲ್ಲಿ ಯಾರೋ ಊಳಿಟ್ಟರು.
ಮುದುಕನಿಗೆ ಕಿವಿ ಮಂದ, ಅಥವಾ ಬೇಕಾದಾಗ ಮಂದ.

ಆಮೇಲಿನ ಆರು ನಿಮಿಷ
ತಾನೇ ಸಾಕಿದ ಹುಡುಗನ ವಿರುದ್ಧ
ಅರ್ಥವಾಗದ ಭಾಷೆಯಲ್ಲಿ ಅವನು ಕೂಗಿದ್ದೇ ಕೂಗಿದ್ದು.
ಅರ್ಥವಾದದ್ದು ಕೋಲ್ಟನ್ನನಿಗೆ ಮಾತ್ರ.
"ಕೋಚ್, ಯಾರ ಕಡೆ ನೀನು?" ಎಂದು
ಮೂಗಿನಲ್ಲಿ ರಕ್ತ ಸುರಿಯುತ್ತಲೇ ಕೇಳಿದ.
ನಾನು ಹತ್ತಿ ಹಿಡಿದು ಓಡುವಷ್ಟರಲ್ಲಿ
ಅವನ ತಲೆಯನ್ನು ಫರಾಮರ್ಜ್ ಆಗಲೇ
ಅಂಗೈಯಲ್ಲಿ ಆನಿಸಿ ಹಿಡಿದಿದ್ದ,
ಬಿಸಿ ಪಾತ್ರೆ ಹಿಡಿದವನ ಹಾಗೆ.
ಅರ್ಧ ನಿಮಿಷದ ಬಳಿಕ
ಅದೇ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೆಡವಿದ.
ಒಂದು ಪಾಯಿಂಟಿನ ಗೆಲುವು.

ರಾತ್ರಿ ಟಿವಿಯಲ್ಲಿ ಮತ್ತೆ ಆ ಹಡಗು. ಬಾಣ ಇನ್ನಷ್ಟು ದಪ್ಪ.

ವಾರದ ಮೇಲೆ ಕಾರಿನ ಡಿಕ್ಕಿಯಲ್ಲಿ ಸಿಕ್ಕಿದವು
ಎರಡು ಪ್ಲಾಸ್ಟಿಕ್ ಅಂಗಿ, ಹೆಪ್ಪುಗಟ್ಟಿದ ಬೆವರು ಸಮೇತ.
ತೊಳೆದು ನೆಲಮಾಳಿಗೆಯಲ್ಲಿ ಒಣಹಾಕಿದೆ.
ಎರಡೂ ಒಂದೇ ಸೈಜು. ಯಾವುದು ಯಾರದು?
ಕೋಲ್ಟನ್ನನನ್ನು ಕೇಳಿದರೆ
ಮೂಸಿ ನೋಡಿ, ಹೆಗಲು ಕುಣಿಸಿ, ಒಂದನ್ನು ಎತ್ತಿಕೊಂಡ.

ಉಳಿದದ್ದನ್ನು ಅಂಚೆಗೆ ಒಯ್ದೆ.
ದೇಶದ ಹೆಸರು ನೋಡಿ ಕಿಟಕಿಯಾಕೆ ಹುಬ್ಬೇರಿಸಿ
ನಾಲ್ಕು ಫಾರಂ ಮುಂದೆ ತಳ್ಳಿದಳು.
ಒಳಗಿರುವ ವಸ್ತು? ಬಳಸಿದ ಅಂಗಿ.
ಬೆಲೆ? ಗೀಟು ಎಳೆದೆ.
ತೂಕ?
ತಕ್ಕಡಿಯ ಮೇಲಿಟ್ಟಳು.
ನಾನು ನೋಡುವ ಮೊದಲೇ ಬರೆದಿದ್ದೆ.