ಹೆಬ್ಬೆಟ್ಟು

ವಿರಾಜಪೇಟೆಯ ಗಡಿಯಾರ ಕಂಬದ ಎದುರು
ಬೇಕರಿಯ ಮಹಡಿಯಲ್ಲಿ ನನ್ನ ಆಧಾರ್ ಕೇಂದ್ರ.
ಟೋಕನ್ ನಲವತ್ತೊಂದು.
ಒದ್ದೆ ಕೊಡೆಗಳ ಬಕೆಟ್ಟಿನ ಪಕ್ಕ ಕೂತವನಿಗೆ
ಮೂರು ನೆರಳು.
ಟ್ಯೂಬ್‌ಲೈಟು ಇದ್ದದ್ದು ಒಂದೇ.

‘ಹೆಸರು?’
‘ಪೂಣ.’
‘ಮನೆ ಹೆಸರು?’
‘ಮನೆಗಳಿಗೆ ಹೆಸರು ಬರುವ ಮೊದಲಿನವನು.’
‘ಹುಟ್ಟಿದ ತಾರೀಕು?’
‘ರಾಜ ಈ ಪೇಟೆ ಕಟ್ಟಿಸುವಾಗಲೇ
ನನ್ನ ಹಲ್ಲು ಅಲ್ಲಾಡುತ್ತಿತ್ತು.’
ಗೊತ್ತಿಲ್ಲದವರೆಲ್ಲ ಕಂಪ್ಯೂಟರಿನಲ್ಲಿ
ಒಂದೇ ದಿನ ಹುಟ್ಟುತ್ತಾರೆ, ಜನವರಿ ಒಂದು.
ಹಾಕಿದೆ.

ಸರ್ವರ್ ಡೌನ್.
ಕಾಯುತ್ತ ಹೇಳಿದ:
‘ಹುಲಿ ಕೊಂದವನಿಗೆ ನರಿಮಂಗಲ ಮಾಡುತ್ತಿದ್ದರಲ್ಲ,
ಸತ್ತ ಹುಲಿಯ ಪಕ್ಕ ಮದುಮಗನ ಹಾಗೆ ಕೂರಿಸಿ,
ಅಕ್ಕಿ ಹಾಕಿ, ಕಾಣಿಕೆ ಕೊಟ್ಟು,
ಹಾಗೆ ಏಳು ಊರಲ್ಲಿ ಏಳು ಸಲ ಕೂತೆ.
ಏಳೂ ಸಲ ಅದೇ ಹುಲಿ.
ಉಸಿರು ಕಟ್ಟಿ ಮಲಗುವುದು ಅವಳೇ ಕಲಿತದ್ದು.
ಮೂಗಿನೊಳಗೆ ಅಕ್ಕಿ ಹೋದರೂ ಸೀನಲಿಲ್ಲ.
ಬಂದದ್ದರಲ್ಲಿ ಅರ್ಧ ಅವಳಿಗೆ.’

‘ಹಾಗಾದರೆ ನೀನು ವೀರನಲ್ಲ, ಕಳ್ಳ.’
‘ಆಮೇಲೆ ಅವಳು ಆ ಏಳು ಊರಿನ
ಒಂದು ಕರುವನ್ನೂ ಮುಟ್ಟಲಿಲ್ಲ.
ಇದಕ್ಕೆ ಏನನ್ನುತ್ತೀ?’

ಈಗ ಅವಳಿಗೆ ಕಣ್ಣು ಮಂಜಂತೆ.
ಮಾಕುಟ್ಟದ ಕಾಡಿನಲ್ಲಿ ಇದ್ದಾಳಂತೆ.
ಗೇಟಿನಲ್ಲಿ ಹೊಸ ಹುಡುಗ ಕಾರ್ಡು ಕೇಳುತ್ತಾನೆ.
‘ಬೀಡಿ ಹೊಗೆಯಾಗಿ ದಾಟಬಹುದಿತ್ತು.
ಧೂಮಪಾನ ನಿಷೇಧ ಅಂತ ಬೋರ್ಡು ಹಾಕಿದ್ದಾರೆ.’

ಬೆರಳಿಟ್ಟ. ಮೆಷಿನ್ನು ಕೆಂಪು.
ಒರೆಸಿ ಇಡಿಸಿದೆ. ಕೆಂಪು.
ಗೆರೆಯೇ ಇಲ್ಲ,
ಮೆಣಸು ಕೊಯ್ದು ಸವೆದ
ಲೈನ್‌ಮನೆ ಹೆಂಗಸರ ಬೆರಳಿನ ಹಾಗೆ.
‘ಇಷ್ಟು ವರ್ಷ ಏನು ಮುಟ್ಟುತ್ತಿದ್ದೆ?’
‘ಎಲ್ಲರ ಜೇಬು.’
ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಹೀಗಿಡಬೇಕು ಅಂತ
ಅವನ ಹೆಬ್ಬೆಟ್ಟು ಹಿಡಿದು ಗಾಜಿಗೆ ಒತ್ತಿದೆ.
ಆಗಲೇ ಇರಬೇಕು.
ಹಸಿರು ಬಂತು.

ದುಡ್ಡು ತೆಗೆಯಲು ಹೋದ.
ಹೊಸಬರಿಗೆ ಉಚಿತ ಅಂದೆ.
‘ಪುಕ್ಕಟೆ ನನಗೆ ಆಗುವುದಿಲ್ಲ’ ಅಂದು
ಯಾರದೋ ಕೊಡೆ ಎತ್ತಿಕೊಂಡು ಇಳಿದ.

ಮರುದಿನ ಲಾಗಿನ್‌ಗೆ ಬೆರಳಿಟ್ಟರೆ ಕೆಂಪು.
ನೋಡಿಕೊಂಡೆ:
ನನ್ನ ಹೆಬ್ಬೆಟ್ಟು ನುಣ್ಣಗೆ, ಹೊಳೆಯಲ್ಲಿ ಉರುಳಿದ ಕಲ್ಲು.
ಅಷ್ಟರಲ್ಲಿ ಪೆರುಂಬಾಡಿ ಗೇಟಿನಿಂದ ಅಜೀಜನ ಫೋನು:
‘ರಮ್ಲತ್ ಇತ್ತಾ, ರಾತ್ರಿ ಎರಡಕ್ಕೆ ನೀವು ಕಾಡಿಗೆ ಹೋದದ್ದೇಕೆ?
ಅದೂ ಹನ್ನೆರಡು ಕಿಲೋ ಕೋಳಿ ಹೊತ್ತುಕೊಂಡು?’

ದೂರು ಬರೆಯಲು ಕೂತೆ.
ವಿಷಯ: ಹೆಬ್ಬೆಟ್ಟು ಕಳವು.
ಅದರ ಕೆಳಗೆ ಏನೂ ಹೊಳೆಯಲಿಲ್ಲ.
ಹಾಳೆ ಮಡಚಿ, ನಾನೇ ಒಂದು ಟೋಕನ್ ಹರಿದುಕೊಂಡು
ಬೆಂಚಿನಲ್ಲಿ ಚೋಮಿಯ ಪಕ್ಕ ಕೂತೆ.
ನಾಲ್ಕು ಸಲ ವಾಪಸ್ಸು ಕಳಿಸಿದ್ದೆ ಅವಳನ್ನು,
ಗೆರೆ ಬಂದ ಮೇಲೆ ಬಾ ಅಂತ.
ನನ್ನ ಬೆರಳನ್ನು ತನ್ನ ಬೆರಳಿಗೆ ಹಿಡಿದು ನೋಡಿ
‘ನಿಮಗೂ?’ ಅಂದಳು.

ತಲೆ ತಗ್ಗಿಸಿದರೆ
ಬೆಂಚಿನ ಕೆಳಗೆ ನನ್ನ ನೆರಳು ಎರಡು.
ಒಂದು ಸುಮ್ಮನೆ ಕೂತಿತ್ತು.
ಇನ್ನೊಂದು, ಬಾಯಿ ತೆರೆದು,
ಆಕಳಿಸುತ್ತಿತ್ತು.